ಗಿಡಮೂಲಿಕೆಯೆಂಬ ಮಾತ್ರಕ್ಕೆ ನಿರಪಾಯವಲ್ಲ: ಕ್ರೀಡೆ ಮತ್ತು ಉದ್ದೀಪನ ಮದ್ದು



ಕಳೆದ ವರ್ಷ ಶರಾವತಿ ಹಿನ್ನೀರಿನ ದಂಡೆಯ ಊರೊಂದರಿಂದ ಕೃಷಿಕ ಭಕ್ತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಹುಡುಗನಿಗೆ ಹತ್ತೊಂಬತ್ತು ವರ್ಷ. ಕಾಲೇಜಿನ ಕಬಡ್ಡಿ ತಂಡದ ಆಟಗಾರ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕೆಂಬ ಆಸೆ ಅವನದು. ಮುಖ ಮತ್ತು ಬೆನ್ನಿನ ಮೇಲೆ ದಟ್ಟವಾಗಿ ಮೊಡವೆಗಳು ಎದ್ದಿದ್ದವು. ರಕ್ತದೊತ್ತಡ ಆ ವಯಸ್ಸಿಗೆ ಸಲ್ಲದಷ್ಟು ಹೆಚ್ಚಾಗಿತ್ತು. ಏನೇನು ಸೇವಿಸುತ್ತಿರುವೆ ಎಂದು ಕೇಳಿದಾಗ ಅವನ ಚೀಲದಿಂದ ಎರಡು ವಸ್ತುಗಳು ಹೊರಬಂದವು. ಒಂದು, ಪ್ರೋಟೀನ್ ಪುಡಿಯ ಡಬ್ಬಿ. ಇನ್ನೊಂದು, ಯಾವ ಹೆಸರೂ ಇಲ್ಲದ ಪ್ಲಾಸ್ಟಿಕ್ ಪೊಟ್ಟಣದಲ್ಲಿದ್ದ ಕಂದು ಬಣ್ಣದ ಚೂರ್ಣ. ತಂದೆ ನನ್ನ ಮುಖ ನೋಡಿ, "ಅದು ಗಿಡಮೂಲಿಕೇದು ಡಾಕ್ಟ್ರೇ, ಜಿಮ್ಮಿನವರು ಕೊಟ್ಟಿದ್ದು. ಆಯುರ್ವೇದದ್ದು ಅಂದ್ಮೇಲೆ ಏನೂ ಆಗಲ್ಲ ಅಲ್ವಾ?" ಎಂದರು.

ಆಯುರ್ವೇದ ವೈದ್ಯನಾದ ನಾನು ಈ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಶಾಸ್ತ್ರಕ್ಕೆ ಸಲ್ಲಿಸಬೇಕಾದ ಋಣವೆಂದು ಭಾವಿಸಿದ್ದೇನೆ. ಆಗುತ್ತದೆ ಎಂಬುದೇ ಉತ್ತರ. ದೇಹಕ್ಕೂ ಆಗುತ್ತದೆ, ಹೆಸರಿಗೂ ಆಗುತ್ತದೆ, ವರ್ಷಗಟ್ಟಲೆ ಪಟ್ಟ ಶ್ರಮವೂ ಮಣ್ಣುಪಾಲಾಗಬಹುದು. ನಮ್ಮ ಭಾಗದ ಮಕ್ಕಳು ಕಬಡ್ಡಿ, ಕ್ರಿಕೆಟ್, ಓಟ, ಕುಸ್ತಿಗಳಲ್ಲಿ ಮುಂದೆ ಬರುತ್ತಿರುವ ಈ ಕಾಲದಲ್ಲಿ ತಂದೆತಾಯಿಗಳು ಈ ವಿಷಯವನ್ನು ತಿಳಿದಿರುವುದು ಅಗತ್ಯ.

ಘಟ್ಟದ ಕೆಳಗಿನ ಒಂದು ನಿದರ್ಶನ

ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ. ಅಲ್ಲಿಂದ ಮುಂದೆ ಉಡುಪಿ ಜಿಲ್ಲೆಯ ಸಿದ್ದಾಪುರ. ಆ ಸಿದ್ದಾಪುರ ಪರಿಸರದ ಕೃಷಿಕ ಕುಟುಂಬದಲ್ಲಿ ಹುಟ್ಟಿದ ಅಶ್ವಿನಿ ಅಕ್ಕುಂಜಿ ಅವರ ಹೆಸರನ್ನು 2010ರಲ್ಲಿ ಇಡೀ ದೇಶ ಕೊಂಡಾಡಿತು. ಆ ವರ್ಷದ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರಿದ್ದ ತಂಡ 4x400 ಮೀಟರ್ ರಿಲೇ ಓಟದಲ್ಲಿ ಚಿನ್ನದ ಪದಕ ಗೆದ್ದಿತು. ಮರುತಿಂಗಳು ಚೀನಾದ ಗುವಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲಿಯೂ ಚಿನ್ನ ಬಂದಿತು. ಮಲೆನಾಡಿನ, ಕರಾವಳಿಯ ಎಷ್ಟೋ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಆ ಹೆಸರು ಒಂದು ದೀಪದಂತಿತ್ತು.

2011ರ ಮಧ್ಯಭಾಗದಲ್ಲಿ ಅವರ ಮತ್ತು ಅವರ ಕೆಲವು ಸಹ ಓಟಗಾರ್ತಿಯರ ಮೂತ್ರದ ಮಾದರಿಗಳಲ್ಲಿ ಅನಾಬಾಲಿಕ್ ಸ್ಟೆರಾಯ್ಡ್ ಅಂಶ ಪತ್ತೆಯಾಯಿತು. ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಗುಳಿಗೆಗಳನ್ನು ಸೇವಿಸಿದ್ದೆವು, ಅದರಲ್ಲಿ ಏನಿದೆಯೆಂಬುದು ತಮಗೆ ತಿಳಿದಿರಲಿಲ್ಲ ಎಂಬುದು ಓಟಗಾರ್ತಿಯರ ವಾದವಾಗಿತ್ತು. ಜಿನ್‌ಸೆಂಗ್ ಎಂಬುದು ಒಂದು ಬೇರು. ಅಶ್ವಗಂಧವನ್ನು ನಾವು ಹೇಗೆ ಬಲ್ಯವೆಂದು ಬಳಸುತ್ತೇವೆಯೋ ಹಾಗೆ ಚೀನಾ, ಕೊರಿಯಾಗಳಲ್ಲಿ ಅದನ್ನು ಬಳಸುತ್ತಾರೆ. ಆ ಬೇರು ನಿಷೇಧಿತ ವಸ್ತುವಲ್ಲ. ಆದರೆ ಬೇರಿನ ಹೆಸರಿನಲ್ಲಿ ಬಂದ ಗುಳಿಗೆಯೊಳಗೆ ಏನಿದೆ ಎಂಬುದು ಬೇರೆಯೇ ಪ್ರಶ್ನೆ.

ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ, ಅಂದರೆ ನಾಡಾದ, ಶಿಸ್ತು ಸಮಿತಿಯು 2011ರ ಡಿಸೆಂಬರಿನಲ್ಲಿ ಅವರಿಗೆ ಒಂದು ವರ್ಷದ ನಿಷೇಧ ವಿಧಿಸಿತು. ಪ್ರಕರಣ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. 2012ರ ಜುಲೈ ತಿಂಗಳಲ್ಲಿ ಆ ಮಂಡಳಿ ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನಿಷೇಧ ಮುಗಿದ ಬಳಿಕ ಅವರು ಮತ್ತೆ ಓಟದ ಅಂಗಳಕ್ಕೆ ಮರಳಿದರು ಎಂಬುದು ಅವರ ಮನೋಬಲಕ್ಕೆ ಸಾಕ್ಷಿ. ಯಾರನ್ನೂ ಹಳಿಯುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಗುರುಸ್ಥಾನದಲ್ಲಿರುವವರು ಕೊಟ್ಟದ್ದನ್ನು ಪ್ರಶ್ನಿಸದೆ ಸ್ವೀಕರಿಸುವುದು ನಮ್ಮ ಮಕ್ಕಳ ಸ್ವಭಾವ. ಆದರೆ ಕ್ರೀಡಾ ನಿಯಮವು ಆ ವಿಶ್ವಾಸವನ್ನು ಸಮಾಧಾನವೆಂದು ಒಪ್ಪುವುದಿಲ್ಲ. ದೇಹದಲ್ಲಿ ನಿಷೇಧಿತ ವಸ್ತು ಕಂಡುಬಂದರೆ ಅದರ ಹೊಣೆ ಕ್ರೀಡಾಪಟುವಿನದೇ. ಯಾರು ಕೊಟ್ಟರು, ಏಕೆ ಕೊಟ್ಟರು ಎಂಬುದು ಶಿಕ್ಷೆಯ ಪ್ರಮಾಣದ ವಿಚಾರಣೆಯಲ್ಲಿ ಮಾತ್ರ ಬರುತ್ತದೆ.

ದೂರದ ಆಟವೊಂದು ಕಲಿಸಿದ ಪಾಠ

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ನಮ್ಮ ಕ್ರಿಕೆಟ್ಟಿನಂತೆ ಅದೂ ದಾಂಡು ಚೆಂಡಿನ ಆಟ. ಅಲ್ಲಿಯವರಿಗೆ ಅದರ ಮೇಲೆ ಅಷ್ಟೇ ಪ್ರೀತಿ. ಹಣವೂ ಅಪಾರ. ಅಂತಹ ಆಟದಲ್ಲಿ ಮದ್ದಿನ ಪಿಡುಗು ಹೇಗೆ ಬೆಳೆಯಿತು, ಹೇಗೆ ಹತೋಟಿಗೆ ತರಬೇಕಾಯಿತು ಎಂಬುದು ನಮಗೂ ಪಾಠ.

1998ರಲ್ಲಿ ಮಾರ್ಕ್ ಮೆಕ್‌ಗ್ವಾಯರ್ ಎಂಬ ಆಟಗಾರ ಒಂದೇ ಋತುವಿನಲ್ಲಿ 70 ಹೋಮ್ ರನ್ ಬಾರಿಸಿ ದಾಖಲೆ ಮಾಡಿದಾಗ ಜನ ಹುಚ್ಚೆದ್ದು ಸಂಭ್ರಮಿಸಿದರು. ಹನ್ನೆರಡು ವರ್ಷಗಳ ಅನಂತರ, 2010ರಲ್ಲಿ, ತಾನು ಸ್ಟೆರಾಯ್ಡ್ ಬಳಸಿದ್ದೆನೆಂದು ಅವರೇ ಒಪ್ಪಿಕೊಂಡರು. 2003ರಲ್ಲಿ ಹೆಸರು ಬಹಿರಂಗಪಡಿಸದೆ, ಶಿಕ್ಷೆಯಿಲ್ಲದೆ ಆಟಗಾರರ ಪರೀಕ್ಷೆ ನಡೆಸಿದಾಗ ನೂರಕ್ಕೆ ಐದಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಕಂಡುಬಂದಿತು. ಅಲ್ಲಿಂದ ಮುಂದೆ ಶಿಕ್ಷೆಸಹಿತವಾದ ಪರೀಕ್ಷೆ ಜಾರಿಗೆ ಬಂದಿತು. 2007ರ ಡಿಸೆಂಬರಿನಲ್ಲಿ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಅವರ ತನಿಖಾ ವರದಿ 89 ಆಟಗಾರರನ್ನು ಹೆಸರಿಸಿತು. ಈಗ ಅಲ್ಲಿ ಮೊದಲ ತಪ್ಪಿಗೆ 80 ಪಂದ್ಯ, ಎರಡನೆಯದಕ್ಕೆ 162 ಪಂದ್ಯ, ಅಂದರೆ ಒಂದು ಪೂರ್ಣ ಋತುವಿನ ನಿಷೇಧ. ಮೂರನೆಯದಕ್ಕೆ ಶಾಶ್ವತ ನಿಷೇಧ.

ಆದರೆ ವೈದ್ಯನಾಗಿ ನನ್ನನ್ನು ಕಾಡುವುದು ಆ ದಾಖಲೆಗಳಲ್ಲ, ಒಂದು ಸಾವು. ಸ್ಟೀವ್ ಬೆಕ್ಲರ್ ಎಂಬ ಇಪ್ಪತ್ತಮೂರು ವರ್ಷದ ಚೆಂಡೆಸೆತಗಾರ 2003ರ ಫೆಬ್ರವರಿಯಲ್ಲಿ ಫ್ಲಾರಿಡಾದ ತರಬೇತಿ ಶಿಬಿರದಲ್ಲಿ ಕುಸಿದುಬಿದ್ದು, ಮರುದಿನ ಉಷ್ಣಾಘಾತದಿಂದ ತೀರಿಕೊಂಡರು. ತೂಕ ಇಳಿಸಲೆಂದು ಅವರು ಸೇವಿಸುತ್ತಿದ್ದ ಗುಳಿಗೆಯಲ್ಲಿ ಎಫೆಡ್ರಾ ಎಂಬ ಮೂಲಿಕೆಯ ಸಾರವಿತ್ತು; ಆ ಸಾವಿನಲ್ಲಿ ಅದರ ಪಾತ್ರವಿದೆಯೆಂದು ಮರಣೋತ್ತರ ಪರೀಕ್ಷೆ ನಡೆಸಿದ ವೈದ್ಯಾಧಿಕಾರಿ ಹೇಳಿದರು. ಅದು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ವಸ್ತುವಾಗಿತ್ತು. ಆ ಹಂತದ ಬೇಸ್‌ಬಾಲಿನಲ್ಲಿ ಆಗ ಅದಕ್ಕೆ ನಿಷೇಧವೂ ಇರಲಿಲ್ಲ. 2004ರಲ್ಲಿ ಅಮೆರಿಕ ಸರ್ಕಾರ ಎಫೆಡ್ರಾ ಬೆರೆಸಿದ ಪೂರಕಗಳ ಮಾರಾಟವನ್ನೇ ನಿಷೇಧಿಸಿತು.

ಈ ಎಫೆಡ್ರಾ ನಮಗೆ ಅಪರಿಚಿತವಲ್ಲ. ಹಿಮಾಲಯದಲ್ಲಿ ಬೆಳೆಯುವ ಅದರ ಒಂದು ಪ್ರಭೇದವನ್ನು ಸೋಮಲತೆಯೆಂದು ಗುರುತಿಸಿ ಶ್ವಾಸರೋಗದಲ್ಲಿ ಬಳಸುವ ವೈದ್ಯರಿದ್ದಾರೆ. ಅದರಲ್ಲಿರುವ ಎಫೆಡ್ರಿನ್ ಶ್ವಾಸನಾಳವನ್ನು ಹಿಗ್ಗಿಸುತ್ತದೆ. ಜೊತೆಗೆ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ದೇಹದ ಶಾಖವನ್ನೂ ಏರಿಸುತ್ತದೆ. ಉಬ್ಬಸದ ರೋಗಿಗೆ ಅಳತೆಯಲ್ಲಿ ಕೊಟ್ಟಾಗ ಔಷಧ. ಬಿಸಿಲಿನಲ್ಲಿ, ಅರೆಹೊಟ್ಟೆಯಲ್ಲಿ ಓಡುವ ತರುಣನಿಗೆ ಅದೇ ಪ್ರಾಣಾಂತಿಕ. ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಬಳಸಿದರೆ ಉತ್ತಮ ಔಷಧವಾದೀತು, ಔಷಧವೂ ಅಯುಕ್ತವಾಗಿ ಬಳಸಿದರೆ ವಿಷವಾದೀತು ಎಂಬ ಎಚ್ಚರಿಕೆ ಚರಕ ಸಂಹಿತೆಯ ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲಿಯೇ ಇದೆ. ಆಯುರ್ವೇದಕ್ಕೆ ಅಡ್ಡ ಪರಿಣಾಮವೇ ಇಲ್ಲವೆಂದು ಹೇಳುವವರು ಆ ಅಧ್ಯಾಯವನ್ನು ಮರೆತಿದ್ದಾರೆ.

ನಮ್ಮ ಔಷಧಿಗಳಲ್ಲಿಯೇ ಇರುವ ನಿಷೇಧಿತ ಅಂಶಗಳು

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, 1999ರಲ್ಲಿ ಸ್ಥಾಪನೆಯಾಯಿತು. ಪ್ರತಿವರ್ಷ ಜನವರಿ 1ರಿಂದ ಜಾರಿಗೆ ಬರುವಂತೆ ಅದು ನಿಷೇಧಿತ ವಸ್ತುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅದನ್ನು ಓದುವಾಗ ನಮ್ಮ ಔಷಧಶಾಲೆಯ ಪರಿಚಿತ ದ್ರವ್ಯಗಳು ನೆನಪಾಗುತ್ತವೆ.

ಮೊದಲನೆಯದು ಕಾಸರಕ. ನಮ್ಮ ಕಾಡುಗಳಲ್ಲಿರುವ ಮರ. ಅದರ ಕಹಿಬೀಜವನ್ನು ಶಾಸ್ತ್ರದಲ್ಲಿ ಕುಪೀಲು, ವಿಷಮುಷ್ಟಿ ಎನ್ನುತ್ತಾರೆ. ಶೋಧನೆ ಮಾಡಿದ ಬೀಜವು ಅಗ್ನಿತುಂಡಿ ವಟಿ, ವಿಷತಿಂದುಕ ವಟಿ, ಏಕಾಂಗವೀರ ರಸ ಮೊದಲಾದವುಗಳಲ್ಲಿ ಸೇರುತ್ತದೆ. ಅದರಲ್ಲಿರುವ ಸ್ಟ್ರಿಕ್ನಿನ್ ಕ್ರೀಡಾ ಸಮಯದಲ್ಲಿ ನಿಷೇಧಿತ ಉತ್ತೇಜಕ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಗೆದ್ದ ಥಾಮಸ್ ಹಿಕ್ಸ್ ಎಂಬವರಿಗೆ ಓಟದ ನಡುವೆ ಇದೇ ಸ್ಟ್ರಿಕ್ನಿನ್ನನ್ನು ಮೊಟ್ಟೆಯ ಬಿಳಿಯೊಡನೆ ಕೊಟ್ಟಿದ್ದರು. ಓಟ ಮುಗಿಯುವ ಹೊತ್ತಿಗೆ ಅವರು ನಿಲ್ಲಲಾರದ ಸ್ಥಿತಿಯಲ್ಲಿದ್ದರು.

ಎರಡನೆಯದು ಭಂಗಿ. ಶಾಸ್ತ್ರದಲ್ಲಿ ವಿಜಯಾ ಎಂಬ ಹೆಸರಿನಿಂದ ಅತಿಸಾರ, ಗ್ರಹಣಿಗಳಲ್ಲಿ ಬಳಸುವ ಜಾತೀಫಲಾದಿ ಚೂರ್ಣದಂತಹ ಯೋಗಗಳಲ್ಲಿ ಇದು ಇದೆ. ಗಾಂಜಾ ಗಿಡದ ಅಂಶ ಸ್ಪರ್ಧಾ ಸಮಯದಲ್ಲಿ ನಿಷಿದ್ಧ. ಅದು ದೇಹದ ಮೇದಸ್ಸಿನಲ್ಲಿ ನಿಲ್ಲುವುದರಿಂದ ಅಭ್ಯಾಸವುಳ್ಳವರ ಮೂತ್ರದಲ್ಲಿ ವಾರಗಟ್ಟಲೆ ಕಾಣಿಸಿಕೊಳ್ಳಬಹುದು. ಚಟಕ್ಕಾಗಿ ಗಾಂಜಾ ಸೇದುವ ತರುಣರಿಗಂತೂ ಕ್ರೀಡಾ ನಿಷೇಧದೊಡನೆ 1985ರ ಮಾದಕದ್ರವ್ಯ ಕಾಯಿದೆಯ ಶಿಕ್ಷೆಯೂ ಕಾದಿರುತ್ತದೆ.

ಮೂರನೆಯದು ಕಸ್ತೂರಿ. 2011ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಉತ್ತರ ಕೊರಿಯಾದ ಐವರು ಆಟಗಾರ್ತಿಯರ ಮಾದರಿಯಲ್ಲಿ ಸ್ಟೆರಾಯ್ಡ್ ಕಂಡುಬಂದಾಗ, ಕಸ್ತೂರಿಮೃಗದ ಗ್ರಂಥಿಯಿಂದ ಮಾಡಿದ ಸಾಂಪ್ರದಾಯಿಕ ಔಷಧ ಕೊಟ್ಟಿದ್ದೆವೆಂದು ಆ ತಂಡ ಹೇಳಿತು. ಆ ದೇಶವನ್ನು 2015ರ ವಿಶ್ವಕಪ್ಪಿನಿಂದ ಹೊರಗಿಡಲಾಯಿತು. ಇನ್ನು ಹಿಜೆನಮಿನ್ ಎಂಬ ನಿಷೇಧಿತ ಅಂಶವು ಅಮೃತಬಳ್ಳಿಯ ಕುಲಕ್ಕೇ ಸೇರಿದ ಬೇರೊಂದು ಬಳ್ಳಿಯಲ್ಲಿದೆ. ಬಳ್ಳಿಯನ್ನು ಸರಿಯಾಗಿ ಗುರುತಿಸದೆ ಚೂರ್ಣ ಮಾಡಿದರೆ ಏನಾದೀತೆಂಬುದನ್ನು ಊಹಿಸಬಹುದು.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಸೊಂಟನೋವೆಂದು ಬಂದ ಕಾಲೇಜು ವಿದ್ಯಾರ್ಥಿನಿಗೆ ಕುಪೀಲು ಸೇರಿದ ವಟಿಯನ್ನು ಬರೆದುಕೊಟ್ಟೆ. ಆಹಾರ, ನಿದ್ರೆ, ಮಲಬದ್ಧತೆ ಎಲ್ಲವನ್ನೂ ಕೇಳಿದ್ದೆ. ನೀನು ಆಟಗಾರ್ತಿಯೇ ಎಂದು ಮಾತ್ರ ಕೇಳಿರಲಿಲ್ಲ. ಆಕೆ ರಾಜ್ಯಮಟ್ಟದ ಓಟಕ್ಕೆ ಸಿದ್ಧಳಾಗುತ್ತಿದ್ದಳು. ಅವಳ ದೈಹಿಕ ಶಿಕ್ಷಕಿ ಶೀಶೆಯ ಮೇಲಿನ ಪಟ್ಟಿಯನ್ನು ಓದಿ ಸಂಶಯಪಟ್ಟು ಕೂಟದಿಂದ ಅವಳನ್ನು ಹಿಂದೆ ಸರಿಸಿದರು. ನಿಷೇಧ ತಪ್ಪಿತು; ಒಂದು ವರ್ಷದ ಅವಕಾಶ ಹೋಯಿತು. ಅಂದಿನಿಂದ ಹದಿಹರೆಯದ ಯಾವ ರೋಗಿ ಬಂದರೂ ಆ ಪ್ರಶ್ನೆಯನ್ನು ಮೊದಲು ಕೇಳುತ್ತೇನೆ.

ಅಲೋಪಥಿ ಔಷಧಿಗಳ ವಿಷಯವೂ ಹೀಗೆಯೇ. ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ ಎಂಟು ತಿಂಗಳ ನಿಷೇಧಕ್ಕೆ ಒಳಗಾದದ್ದು ಕೆಮ್ಮಿನ ಸಿರಪ್ಪುಗಳಲ್ಲಿ ಸಾಮಾನ್ಯವಾಗಿರುವ ಟರ್ಬುಟಲಿನ್ ಎಂಬ ಅಂಶದಿಂದ. ಮಳೆಗಾಲದ ಕೆಮ್ಮಿಗೆ ನಮ್ಮ ಮನೆಗಳ ಗೂಡಿನಲ್ಲಿ ಅಂತಹ ಶೀಶೆ ಇದ್ದೇ ಇರುತ್ತದೆ.

ಕಲಬೆರಕೆಯ ಅಪಾಯ

ಮೇಲೆ ಹೇಳಿದವು ಹೆಸರು ಹೇಳಿಕೊಂಡೇ ಬರುವ ಅಂಶಗಳು. ಹೆಸರು ಹೇಳದೆ ಬರುವವು ಇನ್ನೂ ಅಪಾಯಕಾರಿ. ತೂಕ ಹೆಚ್ಚಿಸುವ, ಸ್ನಾಯು ಬೆಳೆಸುವ, ಕೀಲುನೋವು ತಟ್ಟನೆ ನಿಲ್ಲಿಸುವ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿ ಮಾರುವ ಅಧರ್ಮ ನಡೆದಿದೆ. ನಿಜವಾದ ಅಶ್ವಗಂಧ ಒಂದು ವಾರದಲ್ಲಿ ತೋಳು ಉಬ್ಬಿಸುವುದಿಲ್ಲ. ಹಾಗೆ ಉಬ್ಬಿಸುವ ಚೂರ್ಣ ಅಶ್ವಗಂಧವಲ್ಲ ಎಂದೇ ತಿಳಿಯಬೇಕು.

ಪುರುಷ ಹಾರ್ಮೋನಿನ ಕೃತಕ ರೂಪವಾದ ಅನಾಬಾಲಿಕ್ ಸ್ಟೆರಾಯ್ಡ್ ಹೊರಗಿನಿಂದ ಬಂದಾಗ ದೇಹ ತನ್ನದೇ ಹಾರ್ಮೋನಿನ ಉತ್ಪತ್ತಿಯನ್ನು ನಿಲ್ಲಿಸುತ್ತದೆ. ಹುಡುಗರಲ್ಲಿ ವೃಷಣಗಳು ಕುಗ್ಗುತ್ತವೆ, ವೀರ್ಯಾಣು ಕಡಿಮೆಯಾಗುತ್ತದೆ, ಎದೆ ಊದಿಕೊಳ್ಳಬಹುದು. ಹುಡುಗಿಯರಲ್ಲಿ ಧ್ವನಿ ಗಡಸಾಗುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ಮುಟ್ಟು ತಪ್ಪುತ್ತದೆ. ಗಡಸಾದ ಧ್ವನಿ ಮತ್ತೆ ಮೊದಲಿನಂತಾಗದಿರಬಹುದು. ಎಳೆಯ ವಯಸ್ಸಿನಲ್ಲಿ ಸೇವಿಸಿದರೆ ಮೂಳೆಗಳ ತುದಿ ಬೇಗ ಮುಚ್ಚಿ ಎತ್ತರ ಅಲ್ಲಿಗೇ ನಿಲ್ಲುತ್ತದೆ. ಯಕೃತ್ತು, ಹೃದಯ, ಮನಸ್ಸುಗಳ ಮೇಲೆ ಆಗುವ ಹಾನಿ ಬೇರೆ. ಕೆರಳುವಿಕೆ, ನಿಲ್ಲಿಸಿದ ಮೇಲೆ ಕವಿಯುವ ಖಿನ್ನತೆ ಇವನ್ನು ಮನೆಯವರು ವಯಸ್ಸಿನ ಹುಡುಗಾಟವೆಂದು ತಳ್ಳಿಹಾಕುತ್ತಾರೆ.

ಪರೀಕ್ಷೆ ನಡೆಯುವ ಬಗೆ

ಸ್ಪರ್ಧೆಯ ದಿನ ಮಾತ್ರವಲ್ಲ, ಶಿಬಿರದಲ್ಲಿ ಅಥವಾ ಮನೆಯಲ್ಲಿ ಇರುವಾಗಲೂ ಪೂರ್ವಸೂಚನೆಯಿಲ್ಲದೆ ಮಾದರಿ ಕೇಳುವ ಅಧಿಕಾರ ನಾಡಾಕ್ಕೆ ಇದೆ. ಖೇಲೋ ಇಂಡಿಯಾ ಕೂಟಗಳಲ್ಲಿಯೂ ಮಾದರಿ ತೆಗೆದುಕೊಳ್ಳುತ್ತಾರೆ. ಅದೇ ಲಿಂಗದ ಅಧಿಕಾರಿಯ ಎದುರಿನಲ್ಲಿ ಕನಿಷ್ಠ 90 ಮಿಲಿಲೀಟರ್ ಮೂತ್ರ ಕೊಡಬೇಕು. ಅದನ್ನು ಎ ಮತ್ತು ಬಿ ಎಂಬ ಎರಡು ಶೀಶೆಗಳಿಗೆ ಕ್ರೀಡಾಪಟುವೇ ಸುರಿದು ಮೊಹರು ಮಾಡುತ್ತಾರೆ. ಶೀಶೆಯ ಮೇಲೆ ಹೆಸರಿಲ್ಲ, ಸಂಕೇತ ಸಂಖ್ಯೆ ಮಾತ್ರ. ಎ ಶೀಶೆಯಲ್ಲಿ ದೋಷ ಕಂಡರೆ ಬಿ ಶೀಶೆಯನ್ನು ಪರೀಕ್ಷಿಸಿರೆಂದು ಕೇಳುವ ಹಕ್ಕಿದೆ. ಹದಿನೆಂಟು ತುಂಬದವರು ಜೊತೆಗೆ ಹಿರಿಯರೊಬ್ಬರನ್ನು ಕರೆದೊಯ್ಯಬಹುದು. ಮಾದರಿ ಕೊಡಲು ನಿರಾಕರಿಸಿದರೆ ಅದೂ ಅಪರಾಧವೇ.

ಈಗಿನ ನಿಯಮದಂತೆ ಸ್ಟೆರಾಯ್ಡಿನಂತಹ ವಸ್ತುಗಳಿಗೆ ಮೊದಲ ಬಾರಿಗೇ ನಾಲ್ಕು ವರ್ಷಗಳ ನಿಷೇಧ ಬರಬಹುದು. ಆಟಗಾರನ ಉತ್ತಮ ಪ್ರಾಯದಲ್ಲಿ ನಾಲ್ಕು ವರ್ಷವೆಂದರೆ ಆಟವೇ ಮುಗಿದಂತೆ. 2022ರಲ್ಲಿ ಭಾರತದ 3865 ಮಾದರಿಗಳ ಪೈಕಿ 125ರಲ್ಲಿ ನಿಷೇಧಿತ ವಸ್ತು ಕಂಡುಬಂದಿತ್ತು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳಲ್ಲಿ ಇದು ಅತಿ ಹೆಚ್ಚಿನ ಪ್ರಮಾಣ. ಅದೇ ವರ್ಷ ನಮ್ಮ ಸಂಸತ್ತು ಇದಕ್ಕಾಗಿಯೇ ಪ್ರತ್ಯೇಕ ಕಾಯಿದೆಯನ್ನು ಮಾಡಿತು.

ತಂದೆತಾಯಿಗಳು ಗಮನಿಸಬೇಕಾದವು

1. ಯಾವ ವೈದ್ಯರ ಬಳಿ ಹೋದರೂ, ಆಯುರ್ವೇದವಿರಲಿ ಅಲೋಪಥಿಯಿರಲಿ, ಮಗು ಸ್ಪರ್ಧೆಗಳಲ್ಲಿ ಆಡುತ್ತದೆ ಎಂದು ಮೊದಲು ತಿಳಿಸಿರಿ.

2. ಹೆಸರು, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ ಇಲ್ಲದ ಯಾವ ಪುಡಿಯನ್ನೂ ಮನೆಗೆ ತರಬೇಡಿರಿ.

3. ಆಯುರ್ವೇದ ಔಷಧಿಯ ಶೀಶೆಯ ಮೇಲೆ "ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದು" ಎಂಬ ಅರ್ಥದ ಎಚ್ಚರಿಕೆ ಇದೆಯೇ ನೋಡಿರಿ. ಕುಪೀಲು, ಭಂಗಿ, ವತ್ಸನಾಭಿ ಮುಂತಾದ ವಿಷದ್ರವ್ಯಗಳು ಸೇರಿದ ಔಷಧಿಗಳಿಗೆ ಕಾನೂನು ಈ ಎಚ್ಚರಿಕೆಯನ್ನು ಕಡ್ಡಾಯ ಮಾಡಿದೆ.

4. ಔಷಧಿಯ ಘಟಕ ನಿಷೇಧಿತವೇ ಎಂದು ನೋಡಲು ನಾಡಾದ 'ನೋ ಯುವರ್ ಮೆಡಿಸಿನ್' ಎಂಬ ಮೊಬೈಲ್ ಆ್ಯಪ್ ಇದೆ. ಅದರಲ್ಲಿ ಸಿಗದ ಹೆಸರು ನಿರಪಾಯವೆಂದು ಭಾವಿಸಬಾರದು.

5. ಮಧುಮೇಹ, ಉಬ್ಬಸ ಮುಂತಾದ ನಿಜವಾದ ರೋಗಗಳಿಗೆ ನಿಷೇಧಿತ ಔಷಧಿಯೇ ಬೇಕಾದರೆ ಮುಂಚಿತವಾಗಿ ಅರ್ಜಿ ಸಲ್ಲಿಸಿ ವಿನಾಯಿತಿ ಪಡೆಯಬಹುದು. ಹೆದರಿ ಔಷಧಿಯನ್ನು ನಿಲ್ಲಿಸಬೇಡಿರಿ.

6. ಅಕಾಲದಲ್ಲಿ ಮೊಡವೆ, ಸಿಡುಕು, ತಟ್ಟನೆ ಏರಿದ ತೂಕ, ಧ್ವನಿಯಲ್ಲಿ ವ್ಯತ್ಯಾಸ ಕಂಡರೆ ಗದರಿಸದೆ ಕೂರಿಸಿಕೊಂಡು ಕೇಳಿರಿ.

ನಿಜವಾದ ಬಲ

ಆಯುರ್ವೇದವು ಬಲವನ್ನು ಮೂರು ಬಗೆಯೆಂದು ಹೇಳುತ್ತದೆ. ಹುಟ್ಟಿನಿಂದ ಬಂದದ್ದು ಸಹಜ ಬಲ. ಋತು ಮತ್ತು ವಯಸ್ಸಿನಿಂದ ಬರುವುದು ಕಾಲಜ ಬಲ. ಆಹಾರ, ವ್ಯಾಯಾಮ, ವಿಶ್ರಾಂತಿಗಳ ಸರಿಯಾದ ಯೋಜನೆಯಿಂದ ಬರುವುದು ಯುಕ್ತಿಕೃತ ಬಲ. ನಮ್ಮ ಕೈಯಲ್ಲಿರುವುದು ಮೂರನೆಯದು. ಹಾಲು, ತುಪ್ಪ, ಮೊಳಕೆ ಕಾಳು, ರಾಗಿ, ಶೇಂಗಾ, ಬಾಳೆಹಣ್ಣು, ಹೊತ್ತಿಗೆ ಸರಿಯಾದ ಊಟ, ಎಂಟು ಗಂಟೆಗಳ ನಿದ್ರೆ, ವಾರಕ್ಕೊಮ್ಮೆ ಎಣ್ಣೆಸ್ನಾನ, ಕ್ರಮವಾಗಿ ಏರಿಸಿದ ಅಭ್ಯಾಸ: ಬೆಳೆಯುವ ಆಟಗಾರನಿಗೆ ಬೇಕಾದುದರ ಬಹುಪಾಲು ಇಷ್ಟೇ. ಇದು ನಿಧಾನದ ದಾರಿ. ಮದ್ದು ಮಾರುವವನು ಮಾರುವುದು ವೇಗವನ್ನು.

ನಮ್ಮ ಶರಣ ಪರಂಪರೆಯಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ತಿಳಿದದ್ದು. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸುವಂತೆ ಮಾಡಿದಳು. ಕ್ರೀಡೆಯೂ ಒಂದು ಕಾಯಕವೇ ಎಂದು ತಿಳಿದರೆ, ತನ್ನ ಶ್ರಮಕ್ಕೆ ಮೀರಿ ಮದ್ದಿನಿಂದ ಬಂದ ಪದಕ ಆ ಹೆಚ್ಚಿನ ಅಕ್ಕಿಯಂತೆ. ಅದು ಮನೆಯಲ್ಲಿ ಉಳಿಯತಕ್ಕದ್ದಲ್ಲ. ಹಾಗೆಯೇ ಲಿಂಗಾರ್ಪಿತವಾದುದನ್ನೇ ಪ್ರಸಾದವೆಂದು ಸ್ವೀಕರಿಸುವ ನಿಯಮ ನಮ್ಮದು. ಯಾರೋ ಕೊಟ್ಟ, ಒಳಗೇನಿದೆಯೆಂದು ತಿಳಿಯದ ಗುಳಿಗೆಯನ್ನು ಬಾಯಿಗೆ ಹಾಕುವ ಮುನ್ನ, ಇದನ್ನು ಅಂಗೈಯ ಇಷ್ಟಲಿಂಗಕ್ಕೆ ಅರ್ಪಿಸಬಲ್ಲೆನೇ ಎಂದು ಮಕ್ಕಳು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಹೆಸರಿಲ್ಲದ ಪೊಟ್ಟಣ ಆ ಪ್ರಶ್ನೆಯ ಎದುರು ನಿಲ್ಲಲಾರದು.

ಆ ಕಬಡ್ಡಿ ಆಟಗಾರನ ವಿಷಯ ಹೇಳಿ ಮುಗಿಸುತ್ತೇನೆ. ಪುಡಿ, ಡಬ್ಬಿ ಎರಡನ್ನೂ ನಿಲ್ಲಿಸಿಸಿ, ರಕ್ತಪರೀಕ್ಷೆಗಳಿಗಾಗಿ ಶಿವಮೊಗ್ಗದ ತಜ್ಞವೈದ್ಯರಲ್ಲಿಗೆ ಕಳುಹಿಸಿದೆ. ಕೆಲವು ತಿಂಗಳುಗಳಲ್ಲಿ ರಕ್ತದೊತ್ತಡ ಇಳಿಯಿತು, ಮೊಡವೆ ಬಾಡಿತು, ಬಂದ ತೂಕವೂ ಅರ್ಧ ಹೋಯಿತು. ಆ ವರ್ಷ ಅವನು ಆಯ್ಕೆಯಾಗಲಿಲ್ಲ. ಈ ವರ್ಷ ಮತ್ತೆ ಅಭ್ಯಾಸಕ್ಕೆ ಇಳಿದಿದ್ದಾನೆ. ಮೊನ್ನೆ ಶ್ರೀಮಠದ ದಾಸೋಹದಲ್ಲಿ ಕಂಡಾಗ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಉಂಡು, ಇನ್ನೊಂದು ಸೌಟು ಪಾಯಸ ಹಾಕಿಸಿಕೊಳ್ಳುತ್ತಿದ್ದ. ತಂದೆ ಪಕ್ಕದಲ್ಲಿ ಕುಳಿತು ನಗುತ್ತಿದ್ದರು.